ಚಿಪ್ಪಿ ಹಾಕಿದ ಮೇಲೆ ಫಿಲ್ಟರ್ ಬಾಳಿಕೆ ಬಂತು

ಕುಡಿಯುವ ನೀರಿನ ಆರ್‌ಒ ಯಂತ್ರದಲ್ಲಿ ಎರಡು ವರ್ಷಕ್ಕೆ ಮೂರು ಮೆಂಬ್ರೇನ್, ಅಂದರೆ ನೀರು ಸೋಸುವ ತೆಳು ಪೊರೆ, ಹೋದವು. ಒಂದೊಂದಕ್ಕೆ 1,800 ರೂಪಾಯಿ ಚಿಲ್ಲರೆ. ಕೆಸರು ಹಿಡಿಯುವ ಸ್ಪನ್ ಫಿಲ್ಟರ್ ಅಂತೂ 20 ದಿನಕ್ಕೊಂದು. ಆರ್‌ಒ ಯಂತ್ರಕ್ಕೇ 14 ಸಾವಿರ ಕೊಟ್ಟಿದ್ದೆ, ಮೇಲಿಂದ ವರ್ಷಕ್ಕೆ ಮೂರೂವರೆ ಸಾವಿರ ಎಎಂಸಿ (ಸರ್ವಿಸ್ ಒಪ್ಪಂದ), ಅದರಲ್ಲಿ ಮೆಂಬ್ರೇನ್ ಸೇರಿಲ್ಲ. ಎಲ್ಲ ಕೂಡಿಸಿದರೆ 30 ಸಾವಿರದ ಹತ್ತಿರ ಹೋಗಿದೆ. ಈಗ ಅದೇ ನೀರಿಗೆ ವರ್ಷಕ್ಕೆ 1,200 ದಾಟುವುದಿಲ್ಲ. ಹೊಳೆಯ ಚಿಪ್ಪಿ ಹಾಕಿ ಬೋರಿನ ನೀರಿನ ಕಬ್ಬಿಣ ತೆಗೆಯಲು ಆಗುವುದಿಲ್ಲ ಅಂದವರು ತುಂಬಾ ಜನ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆಗೆ ಅರ್ಧ ಮೈಲಿ. ಬಾವಿ ಇದೆ. ಮಳೆಗಾಲದಲ್ಲಿ ಕೈಯಲ್ಲೇ ಮೊಗೆಯಬಹುದು, ಶಿವರಾತ್ರಿ ಕಳೆದರೆ ಉಪ್ಪು ಶುರು. ಮೇ ತಿಂಗಳಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಉಪ್ಪು, ಖನಿಜಗಳ ಲೆಕ್ಕ, 1,400 ತೋರಿಸಿದ್ದೂ ಇದೆ. ಅದಕ್ಕೇ ಬೋರ್ ಹೊಡೆಸಿದ್ದು. ಬೋರಿನ ನೀರು ಬರೀ 110. ಉಪ್ಪಿಲ್ಲ, ಆದರೆ ಕಬ್ಬಿಣ. ನಲ್ಲಿಯಿಂದ ಬರುವಾಗ ಗಾಜಿನ ಹಾಗೆ ತಿಳಿ. ಕೊಡದಲ್ಲಿ ಎರಡು ತಾಸು ಇಟ್ಟರೆ ಹಳದಿ, ಬೆಳಗಾದರೆ ತಳದಲ್ಲಿ ಕೆಂಪು ರಾಡಿ.

ಇಷ್ಟು ಕಡಿಮೆ ಟಿಡಿಎಸ್ ಇರುವ ನೀರಿಗೆ ಆರ್‌ಒ ಬೇಕೇ ಇರಲಿಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿಯೇ 500ರ ಒಳಗಿದ್ದ ಕಡೆ ಆರ್‌ಒ ಬೇಡ ಅಂದಿತ್ತು. ಮಾರುವವರು ಅದನ್ನು ಹೇಳಲಿಲ್ಲ. ಸರ್ವಿಸ್‌ಗೆ ಬಂದವರು ಪ್ರತಿ ಸಲ ಮೆಂಬ್ರೇನ್ ಬದಲಿಸಿ ಅಂತಲೇ ಹೇಳಿದರು. ತುಕ್ಕಾದಷ್ಟು ಕಬ್ಬಿಣ ಸ್ಪನ್‌ನಲ್ಲಿ ಕಟ್ಟಿಕೊಳ್ಳುತ್ತದೆ, ಕರಗಿದ್ದು ಅದರ ಒಳಗಿಂದ ಆರಾಮವಾಗಿ ದಾಟಿ, ಮುಂದೆ ಕಾರ್ಬನ್ (ಇದ್ದಿಲು) ಫಿಲ್ಟರ್ ಮೇಲೆ, ಮೆಂಬ್ರೇನ್ ಮೇಲೆ ತುಕ್ಕಾಗಿ ಕೂರುತ್ತದೆ. ಫಿಲ್ಟರಿಗೆ ಬರುವ ಮೊದಲೇ ಅದನ್ನು ಇಳಿಸಬೇಕಿತ್ತು, ಅಲ್ವಾ?

ಮೊದಲು ಮಾಡಿದ್ದು ಮರಳಿನ ಡ್ರಮ್. ಹೊಳೆ ಮರಳು, ಜಲ್ಲಿ, ಇದ್ದಿಲು. ಒಂದು ವಾರ ಖುಷಿಯಾಗಿದ್ದೆ, ಆಮೇಲೆ ಕೊಡದ ತಳ ಮತ್ತೆ ಕೆಂಪಾಯಿತು. ಎರಡನೇದು ಪಟಕ. ಅದು ಇನ್ನೂ ಕೆಟ್ಟದು, ನೀರು ಮೊದಲೇ ಹುಳಿ, ಪಟಕ ಹಾಕಿದರೆ ಮತ್ತೂ ಹುಳಿ. ಬ್ಲೀಚಿಂಗ್ ಪೌಡರ್ ಕೆಲಸ ಮಾಡಿತು, ಸುಳ್ಳು ಹೇಳುವುದಿಲ್ಲ, ಆದರೆ ದಿನಾ ಅಳತೆ ತಪ್ಪದೆ ಹಾಕುವುದು ಯಾರು, ಚಹಾಕ್ಕೂ ವಾಸನೆ ಬಂತು. ಬಚ್ಚಲಿನ ಹಳೇ ಶವರ್ ಕಟ್ಟಿ ನೀರನ್ನು ಮೇಲಿಂದ ಸುರಿಸಿ ಗಾಳಿ ಕೊಟ್ಟೆ. ಸ್ವಲ್ಪ ಗುಣ ಕಂಡಿತು, ಅರ್ಧಂಬರ್ಧ.

ನೀರಿನ ಹುಳಿ ತೋರಿಸುವ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ಕಿಟ್ ತಂದು ನೋಡಿದೆ. 6 ಅಷ್ಟೇ, 7ಕ್ಕಿಂತ ಕೆಳಗಿದ್ದರೆ ಹುಳಿ. ಗಾಳಿ ಹಿಡಿದರೆ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯುತ್ತದೆ, ಹುಳಿ ನೀರಿನಲ್ಲಿ ಅದು ನಿಧಾನ. ಹುಳಿ ಮುರಿಯಬೇಕು. ಸುಣ್ಣದ ನೀರು ಹಾಕಿದರೆ ಒಂದು ಹನಿ ಜಾಸ್ತಿಯಾದರೂ ಕಷ್ಟ. ಆಗ ತಲೆಗೆ ಬಂದಿದ್ದು ಸುಣ್ಣ ಸುಡುವ ಚಿಪ್ಪಿ. ನಮ್ಮ ಹೊಳೆಯಲ್ಲಿ ಚಿಪ್ಪಿಗೆ ಏನು ಬರ? ಅದು ಬೇಕಾದಷ್ಟೇ ಕರಗುತ್ತದೆ, ಹುಳಿ ಮುರಿದ ಮೇಲೆ ಕರಗುವುದೂ ನಿಧಾನವಾಗುತ್ತದೆ.

ಆಯಿ ಒಪ್ಪಲಿಲ್ಲ. "ತಮಾ, ದೇವರಿಗೂ ಇದೇ ನೀರೋ?" ಅಂತ ಕೇಳಿದಳು. ಎಲೆ ಅಡಿಕೆಯ ಕವಳಕ್ಕೆ ಹಚ್ಚುವ ಸುಣ್ಣವೂ ಚಿಪ್ಪಿಯದ್ದೇ ಅಲ್ವಾ ಆಯಿ ಅಂದೆ. ದೇವರಿಗೆ ಬಾವಿ ನೀರು, ಅಡುಗೆಗೆ ಇದು ಅಂತ ತೀರ್ಮಾನ ಆಯಿತು. ಭಾವ ಮಾತ್ರ ನೀರೆಲ್ಲ ಮೀನು ವಾಸನೆ ಬರುತ್ತದೆ ಅಂದಿದ್ದ. ಮೊದಲ ಸಲ ಬಂತು ಕೂಡ. ದಂಡೆಯಿಂದ ತಂದು ಬರೀ ತೊಳೆದು ಹಾಕಿದ್ದೆ. ನೀರು ನಾರಿತು, ಟಿಡಿಎಸ್ 300ಕ್ಕೆ ಹೋಯಿತು. ಡ್ರಮ್ ಪೂರ್ತಿ ಖಾಲಿ ಮಾಡಿ ತಿಕ್ಕಿದೆ. ಎರಡನೇ ಸಲ ಹಳೇ ಬಿಳಿ ಚಿಪ್ಪಿ ಮಾತ್ರ ಆರಿಸಿ, ಒಂದು ಮಳೆಗಾಲ ಇಡೀ ಅಂಗಳದಲ್ಲಿ ಹರವಿ, ಆಮೇಲೆ ಹಂಡೆಯಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ ಹಾಕಿದೆ. ಸುಮಾರು 25 ಕಿಲೋ. ಯಾವ ಅಳತೆಗೆ ಒಡೆಯಬೇಕು, ಯಾವುದು ಕೆಳಗೆ ಯಾವುದು ಮೇಲೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಅದಕ್ಕೇ ನನಗೆ ನಾಲ್ಕು ತಿಂಗಳು ಹಿಡಿದಿದೆ.

ಈಗ ವ್ಯವಸ್ಥೆ ಹೀಗಿದೆ. ಬಚ್ಚಲಿನ ತಾರಸಿ ಮೇಲೆ 200 ಲೀಟರಿನ ನೀಲಿ ಡ್ರಮ್ ಎರಡು. ಬೋರಿನ ನೀರು ಶವರಿನಿಂದ ಚಿಪ್ಪಿ ಮೇಲೆ ಬೀಳುತ್ತದೆ, ರಾತ್ರಿಯಿಡೀ ನಿಲ್ಲುತ್ತದೆ, ಬೆಳಿಗ್ಗೆ ಮರಳಿನ ಡ್ರಮ್ಮಿಗೆ ಬಿಡುತ್ತೇನೆ. ಅಲ್ಲಿಂದ 5 ಮೈಕ್ರಾನ್ ಸ್ಪನ್, ಕಾರ್ಬನ್, ಕ್ರಿಮಿ ಕೊಲ್ಲುವ ಯುವಿ ದೀಪ. ಪಂಪು, ಕರೆಂಟು ಹೋದರೆ ನೀರು ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಎಲ್ಲ ಹಳೇ ಆರ್‌ಒ ಪೆಟ್ಟಿಗೆಯದ್ದೇ. ಮೆಂಬ್ರೇನ್ ಮಾತ್ರ ಕಿತ್ತು ಹಾಕಿದೆ. ಸೊಲೆನಾಯ್ಡ್ ಬಿಡಬೇಡಿ. ನಮ್ಮಲ್ಲಿ ಜೂನ್ ಬಂತೆಂದರೆ ಕರೆಂಟು ಹೋಗುವುದು ದಿನದ ಮಾತು, ಯುವಿ ಆರಿದಾಗ ನೀರು ಹರಿಯಬಾರದು. ಹೊಸದಾಗಿ ತಂದ ಸಾಮಾನಿಗೆ 6 ಸಾವಿರ ಆಗಿರಬಹುದು, ಡ್ರಮ್ಮೂ ಸೇರಿ.

ಪರೀಕ್ಷೆಗೆ ಪಂಚಾಯ್ತಿಯ ಕಿಟ್ ಬಳಸಿದೆ. ಮೊದಲು ಕಬ್ಬಿಣ ಲೀಟರಿಗೆ 3 ಮಿಲಿಗ್ರಾಂ ಆಸುಪಾಸು ತೋರಿಸಿತ್ತು, ಈಗ 0.3ರ ಬಣ್ಣವೂ ಬರುವುದಿಲ್ಲ. ಮನೆಯಲ್ಲಿ ನಾನು ಮಾಡುವುದು ಚೊಗರಿನ ಪರೀಕ್ಷೆ. ಅಡಿಕೆ ಬೇಯಿಸಿದ ಚೊಗರು ಒಂದು ಶೀಷೆಯಲ್ಲಿ ಇಟ್ಟಿದ್ದೇನೆ. ಬಿಳಿ ಪಿಂಗಾಣಿ ಬಟ್ಟಲಿಗೆ ಬೋರಿನ ನೀರು ಹಾಕಿ ಎರಡು ಹನಿ ಬಿಟ್ಟರೆ, ಹನಿ ಇಳಿದ ದಾರಿಯುದ್ದಕ್ಕೂ ಹೊಗೆ ಎದ್ದ ಹಾಗೆ ಕಪ್ಪು ಹರಡುತ್ತದೆ, ಹತ್ತು ಎಣಿಸುವುದರೊಳಗೆ ನೀರೆಲ್ಲ ಮಸಿ. ಫಿಲ್ಟರಿನ ನೀರಿಗೆ ಅದೇ ಎರಡು ಹನಿ ಹಾಕಿದರೆ ಬರೀ ತೆಳು ಕೆಂಪು, ಚೊಗರಿನದ್ದೇ ಬಣ್ಣ. ಭಾವನ ಬಾಯಿ ಮುಚ್ಚಿದ್ದು ಈ ಎರಡು ಬಟ್ಟಲು ನೋಡಿದ ಮೇಲೆ. ಈಗ ಅವನೇ ತನ್ನ ಮನೆಗೆ ಡ್ರಮ್ ತರುತ್ತೇನೆ ಅನ್ನುತ್ತಾನೆ.

ಯುವಿ ಗಾಜಿಗೆ ಹಿಡಿಯುವ ಹಳದಿ ಕಲೆಗೆ ಮೊದಲು ನಿಂಬೆ ತಿಕ್ಕುತ್ತಿದ್ದೆ. ಒಮ್ಮೆ ಸುಮ್ನೆ ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ನೀರಿನಲ್ಲಿ ರಾತ್ರಿ ಇಟ್ಟು ನೋಡಿದೆ, ಬೆಳಿಗ್ಗೆ ಒರೆಸಿದರೆ ಸಾಕು, ಫಳಫಳ. ಆದರೆ ರಬ್ಬರಿನ ಓ-ರಿಂಗಿಗೆ ಅದು ತಾಗದ ಹಾಗೆ ನೋಡಿಕೊಳ್ಳಿ. ರಿಂಗಿಗೆ ತೆಂಗಿನೆಣ್ಣೆ ಹಚ್ಚುವವರೂ ಇದ್ದಾರೆ. ನಾನೂ ಹಚ್ಚಿ ಒಂದು ರಿಂಗು ಉಬ್ಬಿ ಕೆಟ್ಟಿದೆ, ಸಿಲಿಕೋನ್ ಗ್ರೀಸೇ ಬೇಕು. ಸ್ಪನ್ ತೊಳೆದು ಮತ್ತೆ ಹಾಕುವುದೂ ದಂಡ, ಮೇಲಿನ ಪದರ ಬಿಳಿಯಾಗುತ್ತದೆ, ಒಳಗಿನ ಕೆಸರು ಹಾಗೇ ಇರುತ್ತದೆ.

ಶಿರಸಿ ಕಡೆ ಅಕ್ಕನ ಮನೆಯಲ್ಲಿ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು. ಅಲ್ಲಿ ಟಿಡಿಎಸ್ 30, ಕಬ್ಬಿಣ ಇಲ್ಲವೇ ಇಲ್ಲ, ಬರುವುದೆಲ್ಲ ಎಲೆ ಮತ್ತು ಕಸ. ಅವರಿಗೆ ಚಿಪ್ಪಿಯ ಡ್ರಮ್ ಬೇಡ, ಜಾಳಿಗೆ, ಸ್ಪನ್, ಯುವಿ ಸಾಕು ಅಂತ ಹೇಳಿದೆ. ಬೇಸಿಗೆಯಲ್ಲಿ ಉಪ್ಪಾಗುವ ಬಾವಿಯ ನೀರನ್ನೇ ಕುಡಿಯುವವರಿಗೂ ನನ್ನ ದಾರಿ ನಡೆಯುವುದಿಲ್ಲ, ಉಪ್ಪು ತೆಗೆಯಲು ಆರ್‌ಒ ಬೇಕೇ ಬೇಕು.

ವಾರಕ್ಕೊಮ್ಮೆ ಚಿಪ್ಪಿ ಡ್ರಮ್ಮಿನ ತಳದ ನಲ್ಲಿ ಬಿಟ್ಟು ರಾಡಿ ತೆಗೆಯುತ್ತೇನೆ. ಅದನ್ನು ಒಣಗಿಸಿ ನೋಡಿದೆ, ಅಚ್ಚ ಕೆಮ್ಮಣ್ಣು. ಆಯಿ ಅದನ್ನೇ ನೀರಿನಲ್ಲಿ ಕಲಸಿ ತುಳಸಿಕಟ್ಟೆಗೆ ಅಂಚು ಬರೆಯುತ್ತಾಳೆ. ಮೂರು ನಾಲ್ಕು ತಿಂಗಳಿಗೆ ಎರಡು ಕಿಲೋ ಚಿಪ್ಪಿ ಮತ್ತೆ ಸೇರಿಸಬೇಕಾಗುತ್ತದೆ, ಕರಗಿ ಕೆಳಗೆ ಇಳಿದಿರುತ್ತದೆ. ಸ್ಪನ್ ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಹಾಕಿದ್ದು, ಮೇ ಕೊನೆಗೆ ಮಳೆ ಹಿಡಿಯುವ ಮೊದಲು ತೆಗೆದೆ. ತೆಗೆಯುವಾಗಲೂ ಅದರ ಒಂದು ಬದಿ ಇನ್ನೂ ಬಿಳಿಯೇ ಇತ್ತು.