ಮೂರು ಗ್ರಾಂ ರೋಮನ್ ಬೆಳ್ಳಿಯನ್ನು ನೀರಲ್ಲಿ ತೂಗಿದ್ದು

ನೀರಲ್ಲಿ ತೂಗಿ ಡಿನೇರಿಯಸ್ಸಿನ (ಹಳೆಯ ರೋಮನ್ ಬೆಳ್ಳಿ ನಾಣ್ಯ) ಬೆರಕೆ ಹಿಡಿಯಲಾಗದು, ನಾಣ್ಯ ತೀರ ಚಿಕ್ಕದು, ಲೋಹದ ಪಾಲು ಅಳೆಯುವ ಎಕ್ಸ್‌ರೇ ಯಂತ್ರವೇ ಬೇಕು ಎನ್ನುವವರಿದ್ದಾರೆ. ಹಿಡಿಯಬಹುದು. ಆ ಯಂತ್ರ ಓದುವುದು ಮೇಲ್ಪದರವನ್ನಷ್ಟೇ. ರೋಮನ್ ಟಂಕಸಾಲೆಯ ಬೆರಕೆ ಬೆಳ್ಳಿಗೆ ಒಳಗಿಗಿಂತ ಹೊರಗೇ ಬೆಳ್ಳಿ ಹೆಚ್ಚು.

ಮೊದಲು ಸೋತದ್ದು ತಕ್ಕಡಿಯಲ್ಲಿ. 0.01 ಗ್ರಾಂ ತೋರುವುದಕ್ಕೆ ಸುರಿದ ಎಂಟುನೂರು ರೂಪಾಯಿ ದಂಡ. ಡಿನೇರಿಯಸ್ ಸರಿಸುವ ನೀರು 0.33 ಗ್ರಾಂ ಆಸುಪಾಸು, ಅದರಲ್ಲಿ 0.01 ತಪ್ಪಿದರೆ ಬೆಳ್ಳಿಯ ಲೆಕ್ಕ ಶೇ. 20ರಷ್ಟು ಆಚೀಚೆ. 0.001 ಗ್ರಾಂನದು ಎರಡೂವರೆ ಸಾವಿರ ಚಿಲ್ಲರೆ, ತಪ್ಪು ಶೇ. 3–4ಕ್ಕೆ ಇಳಿಯಿತು. ಅದು 50 ಗ್ರಾಂಗಿಂತ ಹೆಚ್ಚು ಹೊರದು, ಗಾಜಿನ ಬೀಕರ್ ಇಡುವಂತಿಲ್ಲ. ತೆಳು ಪ್ಲಾಸ್ಟಿಕ್ ಲೋಟದಲ್ಲಿ 25 ಮಿ.ಲೀ. ಡಿಸ್ಟಿಲ್ಡ್ ವಾಟರ್ (ಕುದಿಸಿ ಆರಿಸಿದ್ದು, ಇಲ್ಲದಿದ್ದರೆ ಗುಳ್ಳೆ), ಸೂಜಿಮೊನೆಯಷ್ಟು ಪಾತ್ರೆ ತೊಳೆಯುವ ಲಿಕ್ವಿಡ್. ನಾಣ್ಯವನ್ನು ಅತಿ ಸಣ್ಣ ಗಾಳದ ದಾರದಲ್ಲಿ ಹೊರಗಿನ ಸ್ಟ್ಯಾಂಡಿನಿಂದ ಇಳಿಬಿಡಿ. ತಳ, ಗೋಡೆ ಮುಟ್ಟಬಾರದು. ಬರೀ ದಾರ ಮುಳುಗಿಸಿ ಸೊನ್ನೆ ಮಾಡಿಕೊಂಡರೆ, ಆಮೇಲೆ ತೋರುವುದೇ ಸರಿದ ನೀರಿನ ತೂಕ. ಒಣತೂಕವನ್ನು ಅದರಿಂದ ಭಾಗಿಸಿ, 28 ಡಿಗ್ರಿಯಲ್ಲಾದರೆ 0.996ರಿಂದ ಗುಣಿಸಿ. ಅದೇ ಸಾಂದ್ರತೆ. ತಾಮ್ರ ಬೆಳ್ಳಿಗಿಂತ ಹಗುರ, ಬೆರೆತಷ್ಟೂ ಈ ಅಂಕಿ ಇಳಿಯುತ್ತದೆ. ಫ್ಯಾನ್ ಆರಿಸಲೇಬೇಕು. ನೀರು ಆವಿಯಾಗುತ್ತಾ ಅಂಕಿ ಜಾರುತ್ತದೆ, ಹತ್ತು ಸೆಕೆಂಡಿನೊಳಗೆ ಓದಿಬಿಡಿ. ಕಿಲುಬು ತಿಂದ ನಾಣ್ಯದ ತೂತುಗಳಿಂದ ಗಾಳಿ ಹೊರಡಿಸಲು ಒಂದು ಉಪಾಯವಿದೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಚಕ್ರವರ್ತಿ ಅಗಸ್ಟಸ್‌ನ ಡಿನೇರಿಯಸ್ಸಿನ ಸಾಂದ್ರತೆ 10.3ರ ಮೇಲೆ, ಹೆಚ್ಚುಕಡಿಮೆ ಚೊಕ್ಕ ಬೆಳ್ಳಿ. ಮುಂದಿನ ಕಾಲದ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನದು 9.6–9.7: ಅರ್ಧ ತಾಮ್ರ! ಸೈನಿಕರ ಸಂಬಳ ಏರಿಸಿದವನು ಬೆಳ್ಳಿ ಎಲ್ಲಿ ಉಳಿಸಿದ ಎಂಬುದು ಲೋಟದ ನೀರಲ್ಲೇ ಕಾಣುತ್ತದೆ. ಕ್ರಿ.ಶ. 260ರ ದಶಕದ ಚಕ್ರವರ್ತಿ ಗ್ಯಾಲಿಯನಸ್‌ನ ಆಂಟೋನಿನಿಯಾನಸ್‌ಗಳು (ಡಿನೇರಿಯಸ್ಸಿನ ನಂತರದ ರೋಮನ್ ನಾಣ್ಯ) 9ರ ಹತ್ತಿರ. ಬೆಳ್ಳಿ ಎನ್ನುವುದು ಹೆಸರಿಗಷ್ಟೇ.

ನಡುವೆ ಪ್ರಾಚೀನ ಅಥೆನ್ಸಿನ ಗೂಬೆ ಚಿತ್ರದ ಬೆಳ್ಳಿ ನಾಣ್ಯವನ್ನೂ ಇಳಿಬಿಟ್ಟೆ. 17.2 ಗ್ರಾಂ, ಇಷ್ಟು ದಪ್ಪಕ್ಕೆ ದಂಡವಾದ ಆ 0.01 ಗ್ರಾಂನ ತಕ್ಕಡಿಯೂ ನಡೆಯಿತು. 10.4, ಅಥೆನ್ಸ್ ಬಳಿಯ ಲಾರಿಯನ್ ಗಣಿಯ ಬೆಳ್ಳಿಗೆ ತಕ್ಕ ಅಂಕಿ. ಡಿನೇರಿಯಸ್ಸುಗಳಲ್ಲಿ ಒಂದು ಮಾತ್ರ ಹೊಳಪು ಬೆಳ್ಳಿಯದಾದರೂ 9.1 ತೋರಿತು: ತಾಮ್ರದ ಬಿಲ್ಲೆಗೆ ಬೆಳ್ಳಿ ಹೊದಿಸಿದ ಆ ಕಾಲದ್ದೇ ಖೋಟಾ.

ಚಕ್ರವರ್ತಿ ಆರೇಲಿಯನ್ ಕ್ರಿ.ಶ. 274ರಲ್ಲಿ ಸುಧಾರಿಸಿದ ನಾಣ್ಯದ ಮೇಲಿನ XXI ಎಂದರೆ 20 ಪಾಲು ತಾಮ್ರಕ್ಕೆ 1 ಪಾಲು ಬೆಳ್ಳಿ ಎನ್ನುತ್ತಾರೆ. ಅಲ್ಲಿ ಈ ವಿಧಾನ ಕೈಕೊಡುತ್ತದೆ. ಶೇ. 5 ಎಂಬುದೇ ತಕ್ಕಡಿಯ ತಪ್ಪಿನಷ್ಟು, ಜೊತೆಗೆ ಸೀಸ ಸೇರಿದ್ದರೆ ಬೆಳ್ಳಿಗಿಂತ ಭಾರದ ಅದು ಲೆಕ್ಕವನ್ನೇ ಕೆಡಿಸುತ್ತದೆ.