ಹೈಸ್ಕೂಲ್ ಮಕ್ಕಳ ವಿಜ್ಞಾನಕ್ಕೆ ಮೆಂಟರ್ ಆಗುವುದು ಹೇಗೆ?

ನೀವು ಎಂಜಿನಿಯರ್ ಇರಬಹುದು, ಡಾಕ್ಟರ್ ಇರಬಹುದು, ಲ್ಯಾಬ್‌ನಲ್ಲಿ ಕೆಲಸ ಮಾಡುವವರಿರಬಹುದು. ವಾರದಲ್ಲಿ ಒಂದೆರಡು ಗಂಟೆ ಬಿಡುವಿದೆ. ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನದಲ್ಲಿ ಏನಾದರೂ ನೆರವಾಗೋಣ ಅನ್ನಿಸಿದೆ. ಒಳ್ಳೆಯದೇ. ಆದರೆ ಸ್ಲೈಡ್ ತಯಾರಿಸಲು ಕೂರುವ ಮೊದಲು ಒಂದು ಮಾತು. ಆ ಮಕ್ಕಳಿಗೆ ಪಾಠ ಹೇಳಲು ಆಗಲೇ ಒಬ್ಬರು ಶಿಕ್ಷಕರಿದ್ದಾರೆ. ಬಹುಶಃ ನಿಮಗಿಂತ ಚೆನ್ನಾಗಿಯೇ ಹೇಳುತ್ತಾರೆ. ಸಿಲೆಬಸ್ ಮುಗಿಸುವ ಗಡಿಬಿಡಿಯಲ್ಲಿ ಅವರಿಗೆ ಮಾಡಲು ಆಗದ ಕೆಲಸ ಒಂದಿದೆ: ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹಿಡಿದು ವಾರಗಟ್ಟಲೆ ಅದರ ಬೆನ್ನು ಹತ್ತುವುದು. ಪುಸ್ತಕದಲ್ಲಿರುವ ಪ್ರಯೋಗಕ್ಕೆ ಉತ್ತರ ಮೊದಲೇ ಗೊತ್ತಿರುತ್ತದೆ, ಅಲ್ವಾ? ನಿಮ್ಮ ದಿನದ ಕೆಲಸದಲ್ಲಿ ಹಾಗಿರುವುದಿಲ್ಲ. ಮಕ್ಕಳಿಗೆ ತೋರಿಸಬೇಕಾದ್ದು ಅದನ್ನೇ.

ಮೊದಲು ಸಮಯದ ಲೆಕ್ಕ ಹಾಕಿ

ಉತ್ಸಾಹದಲ್ಲಿ "ವರ್ಷವಿಡೀ ಬರ್ತೀನಿ" ಎಂದು ಒಪ್ಪಿಕೊಂಡು ಎರಡನೇ ತಿಂಗಳಿಗೆ ಮಾಯವಾಗುವವರು ಜಾಸ್ತಿ. ಇದರಿಂದ ಮಕ್ಕಳಿಗೆ ಪೆಟ್ಟು ಬೀಳುತ್ತದೆ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಅಮೆರಿಕದ ಹದಿಹರೆಯದವರ ಮೆಂಟರಿಂಗ್ ಬಗ್ಗೆ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ನಡೆದ ಜೋಡಿಗಳಲ್ಲಿ ಮಕ್ಕಳಿಗೆ ಹೆಚ್ಚು ಲಾಭ ಕಂಡಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳಲ್ಲಿ ಮಕ್ಕಳಿಗೆ ತಮ್ಮ ಬಗ್ಗೆ ಇದ್ದ ನಂಬಿಕೆಯೇ ಕುಗ್ಗಿತ್ತು. ಅದು ವಿಜ್ಞಾನದ ಮೆಂಟರಿಂಗ್ ಆಗಿರಲಿಲ್ಲ, ದೊಡ್ಡವರೊಬ್ಬರು ಒಂದು ಮಗುವಿನ ಜೊತೆಗಿರುವ ಕಾರ್ಯಕ್ರಮವಾಗಿತ್ತು. ಆದರೂ ಎಚ್ಚರಿಕೆ ನಮಗೂ ಸಲ್ಲುತ್ತದೆ.

ಹಾಗಾಗಿ ನಿಮ್ಮಿಂದ ಆಗುವಷ್ಟನ್ನೇ ಹೇಳಿ. ಹತ್ತು ವಾರ, ವಾರಕ್ಕೆ ಒಂದು ಗಂಟೆ ಅಂದರೆ ಒಂದು ಸಣ್ಣ ಪ್ರಾಜೆಕ್ಟ್‌ಗೆ ಸಾಕು. ಕೊನೆಯ ದಿನ ಯಾವುದು ಎಂದು ಮೊದಲ ದಿನವೇ ತಿಳಿಸಿಬಿಡಿ. ಗುಂಪಿನಲ್ಲಿ ಮೂರು ನಾಲ್ಕು ಮಕ್ಕಳಿರಲಿ. ಹತ್ತು ಜನ ಸೇರಿದರೆ ಅದು ಮತ್ತೆ ಕ್ಲಾಸೇ ಆಗುತ್ತದೆ.

ಶಾಲೆಯ ಮೂಲಕವೇ ಹೋಗಿ

ಪರಿಚಯದವರ ಮಕ್ಕಳಿಗೆ ಮನೆಯಲ್ಲಿ ಕೂರಿಸಿ ಹೇಳಿಕೊಡುವುದು ಬೇರೆ ವಿಷಯ. ಮೆಂಟರ್ ಆಗಬೇಕಿದ್ದರೆ ಶಾಲೆಯನ್ನೋ, ಇಂಥ ಕೆಲಸ ನಡೆಸುವ ಸಂಸ್ಥೆಯನ್ನೋ ಹಿಡಿಯಿರಿ. ಅವರು ನಿಮ್ಮ ಹಿನ್ನೆಲೆ ವಿಚಾರಿಸಿದರೆ, ಗುರುತಿನ ಪತ್ರ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಕೇಳದಿದ್ದರೇ ಯೋಚಿಸಬೇಕು. ಭೇಟಿ ಯಾವಾಗಲೂ ಬೇರೆಯವರ ಕಣ್ಣಿಗೆ ಬೀಳುವ ಜಾಗದಲ್ಲಿರಲಿ. ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂರಬೇಡಿ. ಮೆಸೇಜ್, ಇಮೇಲ್ ಮಾಡುವಾಗ ಶಿಕ್ಷಕರೋ ಪೋಷಕರೋ ಅದರಲ್ಲಿ ಇರಲಿ. ಆನ್‌ಲೈನ್ ಭೇಟಿಗೂ ಇದೇ ನಿಯಮ.

ವಿಜ್ಞಾನ ಶಿಕ್ಷಕರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಲ್ಯಾಬ್‌ನಲ್ಲಿ ಏನೇನಿದೆ, ಯಾವ ಪಾಠ ಆಗಿದೆ, ಪರೀಕ್ಷೆ ಯಾವಾಗ ಎಂದು ಕೇಳಿಕೊಳ್ಳಿ. ಪರೀಕ್ಷೆಯ ಹಿಂದಿನ ವಾರ ಪ್ರಯೋಗ ಇಟ್ಟುಕೊಂಡರೆ ಯಾರೂ ಬರುವುದಿಲ್ಲ. ಬರಲೂಬಾರದು.

ಮೊದಲ ಭೇಟಿಯಲ್ಲಿ ಏನು ಮಾತಾಡಬೇಕು?

ಡಿಗ್ರಿ, ಹುದ್ದೆ ಒಂದೇ ವಾಕ್ಯದಲ್ಲಿ ಮುಗಿಯಲಿ. ಆಮೇಲೆ ಈ ವಾರ ನಿಮ್ಮ ಕೆಲಸದಲ್ಲಿ ಯಾವುದು ಸರಿಹೋಗಲಿಲ್ಲ, ಅದಕ್ಕೆ ಕಾರಣ ಹೇಗೆ ಹುಡುಕುತ್ತಿದ್ದೀರಿ ಎನ್ನುವುದನ್ನು ಹೇಳಿ. ಮಕ್ಕಳು ಕಿವಿ ನಿಮಿರಿಸುವುದು ಇಲ್ಲಿ.

ನೀವು ಎದುರಿಗೆ ಬಂದು ಕೂರುವುದೇ ಅರ್ಧ ಕೆಲಸ. ಡೇವಿಡ್ ಚೇಂಬರ್ಸ್ ಎನ್ನುವವರು 4,807 ಮಕ್ಕಳಿಂದ "ಒಬ್ಬ ವಿಜ್ಞಾನಿಯ ಚಿತ್ರ ಬರೆಯಿರಿ" ಎಂದು ಬರೆಸಿದ್ದರು. 1983ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹೆಣ್ಣು ವಿಜ್ಞಾನಿಯನ್ನು ಬರೆದಿದ್ದವರು ಬರೀ 28 ಮಂದಿ. ಆ ಇಪ್ಪತ್ತೆಂಟೂ ಹುಡುಗಿಯರೇ! ಉಳಿದವರ ಕಾಗದದ ಮೇಲೆ ಬಿಳಿ ಕೋಟು, ಕನ್ನಡಕ, ಗಡ್ಡಗಳೇ ಮತ್ತೆ ಮತ್ತೆ ಬಂದವು. ಆಮೇಲಿನ ದಶಕಗಳಲ್ಲಿ ಅಮೆರಿಕದ ಮಕ್ಕಳ ಚಿತ್ರಗಳಲ್ಲಿ ಹೆಂಗಸರು ಹೆಚ್ಚಾಗಿದ್ದಾರೆ. ನಿಮ್ಮ ಗುಂಪಿನಲ್ಲೂ ಹತ್ತು ನಿಮಿಷ ಈ ಚಿತ್ರ ಬರೆಸಿ ನೋಡಿ. ಅದರ ಮೇಲೆ ಭಾಷಣ ಬೇಡ, ಸುಮ್ನೆ ಮಾತು ಶುರುವಾಗಲು ಒಳ್ಳೆಯ ನೆಪ.

ಪ್ರಶ್ನೆಯನ್ನು ಸಣ್ಣದು ಮಾಡಿ

ಇಡೀ ಕೆಲಸದಲ್ಲಿ ಕಷ್ಟದ್ದು, ಜಾಸ್ತಿ ಸಮಯ ಕೇಳುವುದು ಇದೇ. ಎರಡು ಮೂರು ಭೇಟಿ ಪೂರ್ತಿ ಇದಕ್ಕೇ ಹೋದರೂ ಪರವಾಗಿಲ್ಲ.

"ಏನು ಕಂಡುಹಿಡಿಯಬೇಕು ಅಂತಿದ್ದೀರಿ?" ಎಂದು ಕೇಳಿದರೆ ಮಕ್ಕಳು ಕ್ಯಾನ್ಸರ್‌ಗೆ ಔಷಧ, ಕಪ್ಪು ಕುಳಿ, ರೋಬೋಟ್ ಎನ್ನುತ್ತಾರೆ. ನಗಬೇಡಿ. "ನೀವು ನೋಡಿ ಆಶ್ಚರ್ಯಪಟ್ಟದ್ದು ಏನಾದರೂ ಇದೆಯಾ?" ಎಂದು ಕೇಳಿ ನೋಡಿ. ಆಗ ಕೈಗೆ ಸಿಗುವ ವಿಷಯಗಳು ಬರುತ್ತವೆ. ಯಾವುದೇ ಗುಂಪಿನಲ್ಲೂ ಒಬ್ಬರಾದರೂ ಕೇಳುವ ಪ್ರಶ್ನೆ: ಸಂಗೀತ ಕೇಳಿಸಿದರೆ ಗಿಡ ಚೆನ್ನಾಗಿ ಬೆಳೆಯುತ್ತಂತೆ, ನಿಜವಾ?

ಇದನ್ನೇ ಹಿಡಿದು ಮುಂದೆ ಹೋಗಬಹುದು. ನೀವು ಉತ್ತರ ಹೇಳಬೇಡಿ, ಪ್ರಶ್ನೆಗೆ ಪ್ರಶ್ನೆ ಹಾಕಿ. ಚೆನ್ನಾಗಿ ಅಂದರೆ ಏನು? ಎತ್ತರವಾ, ಎಲೆಗಳ ಸಂಖ್ಯೆಯಾ, ತೂಕವಾ? ದಿನಕ್ಕೆ ಎಷ್ಟು ಹೊತ್ತು ಸಂಗೀತ? ಎರಡೇ ಕುಂಡ ಇಟ್ಟು ಒಂದು ಎತ್ತರ ಬಂದರೆ ಅದು ಸಂಗೀತದಿಂದಲೇ ಎಂದು ಹೇಗೆ ಹೇಳುತ್ತೀರಿ? ಒಂದೇ ಪೊಟ್ಟಣದ ಎರಡು ಬೀಜಗಳೂ ಒಂದೇ ಥರ ಬೆಳೆಯುವುದಿಲ್ಲವಲ್ಲ. ಸ್ಪೀಕರ್ ಪಕ್ಕದ ಕುಂಡ ಕಿಟಕಿಗೂ ಹತ್ತಿರವಿದ್ದರೆ? ಆಗ ಬೆಳಕಿನ ಫಲವನ್ನು ಸಂಗೀತದ ಲೆಕ್ಕಕ್ಕೆ ಬರೆದಂತಾಗುತ್ತದೆ. ಅಳೆಯುವವರಿಗೆ ಯಾವ ಕುಂಡ ಯಾವುದೆಂದು ಗೊತ್ತಿದ್ದರೆ, ಬೇಕಾದ ಉತ್ತರದ ಕಡೆಗೆ ಸ್ಕೇಲು ತಾನಾಗಿಯೇ ಒಂದೆರಡು ಮಿಲಿಮೀಟರ್ ಜರುಗುತ್ತದೆ. ಹಾಗಾಗದಂತೆ ಏನು ಮಾಡೋಣ? ಗಂಟೆ ಕಳೆಯುವಷ್ಟರಲ್ಲಿ ಹೋಲಿಕೆಗೆ ಇಡುವ ಗುಂಪು, ಸಾಕಷ್ಟು ಮಾದರಿಗಳು, ಗುರುತು ಮುಚ್ಚಿಟ್ಟು ಅಳೆಯುವುದು, ಎಲ್ಲವೂ ಅವರ ಬಾಯಿಂದಲೇ ಬಂದಿರುತ್ತದೆ. ಒಂದು ಪಾರಿಭಾಷಿಕ ಪದವನ್ನೂ ನೀವು ಬಳಸಿರುವುದಿಲ್ಲ.

ಎರಡು ಮೂರು ಪ್ರಶ್ನೆಗಳು ಉಳಿದಾಗ ಯಾವುದನ್ನು ಆರಿಸಬೇಕು? ಕೈಯಲ್ಲಿರುವ ಸಾಮಾನಿನಲ್ಲೇ ಅಳೆಯಲು ಆಗುತ್ತದಾ, ಒಮ್ಮೆ ಕೆಟ್ಟರೆ ಮತ್ತೆ ಮಾಡಲು ಸಮಯ ಇದೆಯಾ ನೋಡಿ. ಇನ್ನೊಂದು ಪರೀಕ್ಷೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ: ಉತ್ತರ ಹೌದು ಎಂದು ಬಂದರೂ, ಇಲ್ಲ ಎಂದು ಬಂದರೂ ಹೇಳಲು ಏನಾದರೂ ಇರಬೇಕು. "ಹೌದು" ಬಂದರೆ ಮಾತ್ರ ಗೆಲುವು ಎನ್ನುವ ಪ್ರಶ್ನೆ ಹಿಡಿದರೆ ಮಕ್ಕಳು ಅಂಕಿಅಂಶ ತಿದ್ದಲು ಶುರುಮಾಡುತ್ತಾರೆ. ಹೊಸಬರಿಗೆ ಎಣಿಸುವ ಪ್ರಯೋಗ ಸುಲಭ. ಉದಾಹರಣೆಗೆ ಲೀಟರ್ ನೀರಿಗೆ 0, 2, 4, 8 ಗ್ರಾಂ ಉಪ್ಪು ಬೆರೆಸಿ, ಒಂದೊಂದರಲ್ಲೂ 30 ಬೀಜ ನೆನೆಸಿಟ್ಟು, ಐದು ದಿನದಲ್ಲಿ ಎಷ್ಟು ಮೊಳಕೆಯೊಡೆದವು ಎಂದು ನೋಡುವುದು. ಮೊಳಕೆ ಬಂದಿದೆ ಅಥವಾ ಬಂದಿಲ್ಲ. ಅಳತೆಯಲ್ಲಿ ಜಗಳವಿಲ್ಲ.

ನಿಮ್ಮ ಸ್ವಂತ ಸಂಶೋಧನೆಯ ಒಂದು ತುಂಡನ್ನು ಅವರ ಕೈಗಿಡುವ ಆಸೆ ಬರುತ್ತದೆ. ತಡೆದುಕೊಳ್ಳಿ. ಪೋಸ್ಟರ್ ಭರ್ಜರಿಯಾಗಿ ಬರುತ್ತದೆ, ಮಗುವಿಗೆ ಮಾತ್ರ ಅದರಲ್ಲಿ ಒಂದು ಸಾಲೂ ತನ್ನದು ಅನ್ನಿಸುವುದಿಲ್ಲ.

ಕೈ ಪಳಗಲು ಒಂದು ಲೋಲಕ

ನಿಜವಾದ ಪ್ರಯೋಗಕ್ಕೆ ಇಳಿಯುವ ಮೊದಲು ಒಂದು ಭೇಟಿಯನ್ನು ಅಳತೆಯ ಅಭ್ಯಾಸಕ್ಕೆ ಇಡಿ. ದಾರ, ನಟ್ಟು, ಸ್ಕೇಲು, ಮೊಬೈಲ್‌ನ ಸ್ಟಾಪ್‌ವಾಚ್ ಸಾಕು. ದಾರವನ್ನು ಗಟ್ಟಿಯಾದ ಕಡೆ ಕಟ್ಟಿ. ಕಟ್ಟಿದ ಜಾಗದಿಂದ ನಟ್ಟಿನ ನಡುವಿನವರೆಗೆ 1 ಮೀಟರ್ ಇರಲಿ. ಒಂದು ಸಲ ಹೋಗಿ ಬರಲು ಎಷ್ಟು ಹೊತ್ತು ಎಂದು ಎಲ್ಲರೂ ಬೇರೆ ಬೇರೆ ಅಳೆಯಲಿ. ಒಬ್ಬರಿಗೆ 1.8 ಸೆಕೆಂಡ್, ಇನ್ನೊಬ್ಬರಿಗೆ 2.2. ಯಾರು ಸರಿ?

ಕಣ್ಣು ಕಂಡಿದ್ದಕ್ಕೆ ಬೆರಳು ಒತ್ತಲು ಸುಮಾರು 0.2 ಸೆಕೆಂಡ್ ಬೇಕು. ಎರಡು ಸೆಕೆಂಡಿನ ಅಳತೆಯಲ್ಲಿ ಅದು ಹತ್ತರಲ್ಲಿ ಒಂದು ಭಾಗ. ಇಪ್ಪತ್ತು ಸಲ ತೂಗಲು ಬಿಟ್ಟು ಒಟ್ಟು ಸಮಯ ಅಳೆದರೆ 40 ಸೆಕೆಂಡಿಗೆ ಅಷ್ಟೇ ತಪ್ಪು, ಅಂದರೆ ಶೇ 0.5. ಈ ಉಪಾಯ ಮಕ್ಕಳಿಗೇ ಹೊಳೆಯುವವರೆಗೆ ಕಾಯಿರಿ. ಹೊಳೆಯುತ್ತದೆ.

ಆಮೇಲೆ ದಾರವನ್ನು ಅರ್ಧ ಮಾಡಿದರೆ ಏನಾಗುತ್ತದೆ ಎಂದು ಊಹೆ ಬರೆಸಿ. ಸಮಯವೂ ಅರ್ಧ ಎನ್ನುತ್ತಾರೆ. ಅಳೆದರೆ ಸುಮಾರು 1.4 ಸೆಕೆಂಡ್ ಬರುತ್ತದೆ. ಒಂದು ಸೆಕೆಂಡ್ ಬೇಕಿದ್ದರೆ ದಾರ 25 ಸೆಂಟಿಮೀಟರಿಗೆ ಇಳಿಯಬೇಕು. ನಟ್ಟಿನ ಬದಲು ಅಷ್ಟೇ ಗಾತ್ರದ ಭಾರದ ವಸ್ತು ಕಟ್ಟಿದರೆ ವ್ಯತ್ಯಾಸವೇ ಕಾಣುವುದಿಲ್ಲ. ಯಾರಾದರೂ ತುಂಟರು ದಾರವನ್ನು 60 ಡಿಗ್ರಿಗೆ ಎಳೆದು ಬಿಟ್ಟರಂತೂ ಇನ್ನೂ ಚೆನ್ನ. ಆಗ ಸಮಯ ಶೇ 7ರಷ್ಟು ಹೆಚ್ಚುತ್ತದೆ. ಎಷ್ಟು ಅಗಲಕ್ಕೆ ತೂಗಿದರೂ ಹೊತ್ತು ಒಂದೇ ಎಂದು ಗೆಲಿಲಿಯೋ ನಂಬಿದ್ದ. ಸಣ್ಣ ತೂಗಾಟಕ್ಕೆ ಮಾತ್ರ ಅದು ಸರಿ. ಒಂಬತ್ತನೇ ಕ್ಲಾಸಿನ ಮಗು ಗೆಲಿಲಿಯೋನ ಮಾತಿಗೆ ಒಂದು ಷರತ್ತು ಸೇರಿಸಿದ ಹಾಗಾಯಿತು! ಸೂತ್ರ ಆಮೇಲೆ ಬರಲಿ, ಅದು ಶಿಕ್ಷಕರ ಪಾಲು.

ನೋಟ್‌ಬುಕ್

ಪ್ರತಿಯೊಬ್ಬರಿಗೂ ಒಂದು ಹೊಲಿದ ನೋಟ್‌ಬುಕ್ ಇರಲಿ, ಬಿಡಿ ಹಾಳೆ ಬೇಡ. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದರಾಯಿತು. ತಾರೀಖು, ಅಂದುಕೊಂಡಿದ್ದು, ಕಂಡಿದ್ದು ಮೂರೂ ಬೇಕು. "ಈ ಒಂದು ಅಳತೆ ವಿಚಿತ್ರವಾಗಿದೆ, ಬಿಟ್ಟುಬಿಡಲಾ ಸರ್?" ಎಂದು ಕೇಳುತ್ತಾರೆ. ಬಿಡಬಾರದು. ಸುತ್ತು ಹಾಕಿ, ಅವತ್ತು ಬೇರೆ ಏನಾಗಿತ್ತು ಎಂದು ಬರೆಯಲಿ.

ಕೇಳಿದ ಮೇಲೆ ಸುಮ್ಮನಿರಿ

ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ಅಧ್ಯಯನ ಮಾಡಿದ್ದರು. ಸಾಮಾನ್ಯವಾಗಿ ಒಂದು ಸೆಕೆಂಡ್ ಅಥವಾ ಅದಕ್ಕೂ ಕಡಿಮೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಅವರಾಗಿಯೇ ಪ್ರಶ್ನೆ ಕೇಳುವುದೂ ಹೆಚ್ಚಿತು. ಮೂರು ಸೆಕೆಂಡ್ ಕೇಳಲು ಕಡಿಮೆ ಅನ್ನಿಸುತ್ತದೆ. ಕಾದು ನೋಡಿ, ಎಷ್ಟು ಉದ್ದ ಎಂದು ಗೊತ್ತಾಗುತ್ತದೆ. ವಿಷಯ ಚೆನ್ನಾಗಿ ಗೊತ್ತಿರುವವರಿಗೆ ಬಾಯಿ ಕಟ್ಟಿಕೊಳ್ಳುವುದು ಇನ್ನೂ ಕಷ್ಟ.

ಕೈಗೂ ಇದೇ ಮಾತು. ವೈರ್ ಸರಿಯಾಗಿ ಸಿಕ್ಕಿಸಿಲ್ಲ ಎಂದು ಕಂಡ ತಕ್ಷಣ ನಿಮ್ಮ ಕೈ ಮುಂದೆ ಹೋಗುತ್ತದೆ. ಅಪಾಯವಿದ್ದರೆ ಹೋಗಲೇಬೇಕು. ಬಿಸಿ, ಆಸಿಡ್, ಮೇನ್ಸ್ ಕರೆಂಟ್ ಇರುವಲ್ಲಿ ನೀವು ಪಕ್ಕದಲ್ಲೇ ನಿಂತಿರಿ. ಮಿಕ್ಕಂತೆ ಕೈ ಕಟ್ಟಿ ನಿಂತು, "ಕರೆಂಟ್ ಎಲ್ಲಿವರೆಗೆ ಬರ್ತಿದೆ ಅಂತ ಹೇಗೆ ನೋಡ್ತೀರಿ?" ಎಂದು ಕೇಳಿ. ನಿಮಗೆ ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಎನ್ನಿ. ಹೇಗೆ ಹುಡುಕುತ್ತೀರಿ ಎನ್ನುವುದನ್ನು ಅವರೆದುರೇ ಮಾಡಿ ತೋರಿಸಿ.

ಸ್ಪರ್ಧೆಗೆ ಕಳಿಸುವುದಾದರೆ

ಕಡ್ಡಾಯವೇನಲ್ಲ. ಕಳಿಸುವುದಾದರೆ ನಿಯಮಗಳನ್ನು ಪ್ರಯೋಗಕ್ಕೆ ಮೊದಲೇ ಓದಿ. 1950ರಲ್ಲಿ ಶುರುವಾದ, ಈಗ ಐಸೆಫ್ ಎಂದು ಕರೆಯುವ ಅಂತರರಾಷ್ಟ್ರೀಯ ವಿಜ್ಞಾನ ಪ್ರಾಜೆಕ್ಟ್ ಸ್ಪರ್ಧೆಯಲ್ಲಿ 9ರಿಂದ 12ನೇ ತರಗತಿಯವರು ಭಾಗವಹಿಸುತ್ತಾರೆ. ಮನುಷ್ಯರ ಮೇಲೆ ಅಧ್ಯಯನ, ಬೆನ್ನುಮೂಳೆಯ ಪ್ರಾಣಿಗಳು, ಅಪಾಯ ತರಬಲ್ಲ ಸೂಕ್ಷ್ಮಜೀವಿಗಳು ಇಂಥ ವಿಷಯವಾದರೆ ಸಾಮಾನ್ಯವಾಗಿ ಕೆಲಸ ಶುರುಮಾಡುವ ಮೊದಲೇ ಪರಿಶೀಲನೆ, ಒಪ್ಪಿಗೆ ಬೇಕು. ಸಹಪಾಠಿಗಳಿಗೆ ಪ್ರಶ್ನಾವಳಿ ಹಂಚುವುದೂ ಮನುಷ್ಯರ ಮೇಲಿನ ಅಧ್ಯಯನದ ಗುಂಪಿಗೇ ಬರುತ್ತದೆ. ಇದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ನೀವು ಎಷ್ಟು ಸಹಾಯ ಮಾಡಿದ್ದೀರಿ ಎನ್ನುವುದನ್ನು ಮುಚ್ಚಿಡದೆ ಬರೆಯಿರಿ. ಪೋಸ್ಟರ್‌ನ ವಾಕ್ಯಗಳು ಮಕ್ಕಳದ್ದೇ ಇರಲಿ, ಸ್ವಲ್ಪ ಒರಟಾಗಿದ್ದರೂ ಸರಿ.

ಮುಗಿಸುವಾಗ

ಕೊನೆಯ ಭೇಟಿಗೆ ಶಿಕ್ಷಕರನ್ನೂ ಕರೆಯಿರಿ. ಮಕ್ಕಳು ಐದು ನಿಮಿಷದಲ್ಲಿ ಏನು ಕೇಳಿದೆವು, ಏನು ಸಿಕ್ಕಿತು, ಇನ್ನೂ ಏನು ಗೊತ್ತಾಗಬೇಕು ಎಂದು ಹೇಳಲಿ. ನೋಟ್‌ಬುಕ್ ಮಕ್ಕಳ ಹತ್ತಿರವೇ ಇರಲಿ. ಮುಂದಿನ ಗುಂಪಿಗಾಗಿ ಶಿಕ್ಷಕರ ಬಳಿ ಒಂದು ಪ್ರತಿ ಸಾಕು. ವರ್ಷದ ಮೇಲೆ ಯಾರಾದರೂ ಶಿಫಾರಸು ಪತ್ರ ಕೇಳಿಕೊಂಡು ಬರಬಹುದು. "ಬುದ್ಧಿವಂತ, ಶ್ರಮಜೀವಿ" ಎಂದು ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ನೀವೇ ಕಂಡ ಒಂದು ಸಂಗತಿ ಬರೆಯಿರಿ: ಮೂರನೇ ವಾರ ಬೀಜಗಳೆಲ್ಲ ಕೊಳೆತಾಗ ಈ ಹುಡುಗಿ ನೀರು ಬದಲಿಸುವ ವೇಳಾಪಟ್ಟಿ ಬರೆದು, ಎಲ್ಲವನ್ನೂ ಮತ್ತೆ ಮೊದಲಿನಿಂದ ಶುರುಮಾಡಿದಳು, ಎನ್ನುವಂಥದ್ದು.