ನಾಲ್ಕು ಸಲ ಹೊಡೆದೆ, ಐವತ್ತು ಸಲ ಬಿಚ್ಚಿದೆ: ಕೋವಿಯ ಹುಚ್ಚು, ನನ್ನ ಅನುಭವ

ಹೋದ ವರ್ಷ ನಾನು ಶೂಟಿಂಗ್ ರೇಂಜಿಗೆ ಹೋಗಿದ್ದು ನಾಲ್ಕೇ ಸಲ. ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಹಾಗಾಗಿ ಲೆಕ್ಕ ತಪ್ಪಿಲ್ಲ. ಗ್ಯಾರೇಜಿನ ಬೆಂಚಿನ ಮೇಲೆ ಕೋವಿ ಬಿಚ್ಚಿಕೊಂಡು ಕೂತ ರಾತ್ರಿಗಳನ್ನು ಬರೆದಿಟ್ಟಿಲ್ಲ. ಐವತ್ತಕ್ಕೆ ಕಮ್ಮಿ ಇರಲಿಕ್ಕಿಲ್ಲ. "ಹೊಡೆಯೋದೇ ಇಲ್ಲ ಅಂದ್ಮೇಲೆ ಇಷ್ಟು ದುಡ್ಡು ಯಾಕೆ ಹಾಕ್ತೀಯ?" ಅಂತ ಹೆಂಡತಿ ಒಂದು ದಿನ ಕೇಳಿದಳು. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿ ಗೊತ್ತಾಗಲಿ ಅಂತಲೇ ಕೇಳಿದ್ದು. ಅವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ತುಂಬಾ ದಿನ ಯೋಚನೆ ಮಾಡಿದ್ದೇನೆ, ಅದನ್ನೇ ಇಲ್ಲಿ ಬರೀತಿದ್ದೇನೆ.

ನಾನಿರೋದು ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ನ ಉತ್ತರಕ್ಕೆ. ಹುಟ್ಟಿದ್ದು ಕೊಪ್ಪದ ಹತ್ತಿರ, ಅಡಿಕೆ ತೋಟದ ಮನೆಯಲ್ಲಿ. ಅಜ್ಜನ ಹತ್ತಿರ ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಬೆಳೆ ಕಾಯೋಕೆ ಅಂತ ಲೈಸೆನ್ಸು. ಚುನಾವಣೆ ಬಂತು ಅಂದರೆ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಪೊಲೀಸ್ ಸ್ಟೇಷನ್ನಿಗೆ ಕೊಟ್ಟು, ರಶೀದಿ ತಂದು ದೇವರ ಕೋಣೆಯ ಡಬ್ಬಿಯಲ್ಲಿ ಇಡೋರು. ಫಲಿತಾಂಶ ಬಂದು ಎಲ್ಲ ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರೋರು. ಅದು ಮನೆಯಲ್ಲಿದ್ದ ಅಷ್ಟೂ ವರ್ಷದಲ್ಲಿ ಈಡು ಹೊಡೆದ ಶಬ್ದ ನಾನು ಕೇಳಿದ್ದು ಹತ್ತು ಹದಿನೈದು ಸಲ ಇರಬಹುದು, ಅದೂ ಹೆಚ್ಚಿನವು ಹಂದಿ ಹೆದರಿಸೋಕೆ ಹೊಡೆದವು. ಆದರೆ ಆ ಕೋವಿಗೆ ಎಣ್ಣೆ ಹಾಕಿದ್ದನ್ನು ನೋಡಿದ್ದು ಲೆಕ್ಕಕ್ಕೇ ಸಿಗೋದಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನಳಿಗೆ ಬಿಚ್ಚಿ, ಉದ್ದ ಕೋಲಿಗೆ ಹಳೆ ಪಂಚೆ ತುಂಡು ಸುತ್ತಿ ಒಳಗೆ ಎಳೆಯೋರು, ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡೋರು, ನನಗೂ ತೋರಿಸೋರು. ಒಳಗೆ ಬೆಳಕು ಬಳೆ ಬಳೆಯಾಗಿ ಕಾಣೋದು. ಅಜ್ಜ ಹೋದ ಮೇಲೆ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳೋಕೆ ಮನೆಯಲ್ಲಿ ಯಾರೂ ಅರ್ಜಿ ಹಾಕಲಿಲ್ಲ. ಕೋವಿ ಸ್ಟೇಷನ್ನಿಗೆ ಹೋಯಿತು, ಅಷ್ಟೇ.

ಅಮೆರಿಕಕ್ಕೆ ಬಂದ ಮೇಲೆ ಎಷ್ಟೋ ವರ್ಷ ಕೋವಿಯ ಯೋಚನೆ ಮಾಡೋ ಹಾಗೇ ಇರಲಿಲ್ಲ. ಎಚ್-1ಬಿ ವೀಸಾದಲ್ಲಿ ಇರೋರು ಇಲ್ಲಿ ಕೋವಿ ಕೊಳ್ಳೋ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿಗಳಿವೆ, ಆದರೆ ವೀಸಾದ ವಿಷಯದಲ್ಲಿ ಸಣ್ಣ ಎಡವಟ್ಟು ಮಾಡಿಕೊಳ್ಳೋಕೂ ನನಗೆ ಧೈರ್ಯ ಇರಲಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದಿದ್ದು 2020ರ ಶುರುವಿನಲ್ಲಿ. ಮಾರ್ಚಿನಲ್ಲಿ ಅಂಗಡಿಗೆ ಹೋದರೆ ಕೊರೋನಾ ಗಾಬರಿಗೆ ಅರ್ಧ ಗೋಡೆ ಖಾಲಿ. ಆ ವರ್ಷ ಕೋವಿ ಕೊಳ್ಳುವವರ ಹಿನ್ನೆಲೆ ನೋಡುವ ಎಫ್‌ಬಿಐ ವ್ಯವಸ್ಥೆಯಲ್ಲಿ ನಡೆದ ತಪಾಸಣೆಗಳು ಸುಮಾರು 3.97 ಕೋಟಿ. ಅಲ್ಲಿವರೆಗೆ ಯಾವ ವರ್ಷವೂ ಅಷ್ಟು ಆಗಿರಲಿಲ್ಲ. ಅದರಲ್ಲಿ ನನ್ನದೂ ಒಂದು. 4473 ಅನ್ನೋ ಫಾರಂ ತುಂಬಿದೆ, ಗ್ರೀನ್ ಕಾರ್ಡಿನ ನಂಬರ್ ಬರೆದೆ, ಕಾದೆ, ಉಳಿದಿದ್ದರಲ್ಲಿ ಒಂದನ್ನು ತಂದೆ.

ತಂದಿದ್ದು ರೂಗರ್ ಕಂಪನಿಯ 10/22 ಅನ್ನೋ ರೈಫಲ್. ಪಾಯಿಂಟ್ 22ರ ಸಣ್ಣ ತೋಟಾ, ಹತ್ತು ತೋಟಾ ಹಿಡಿಸುವ ಸುತ್ತು ಡಬ್ಬಿ (ಅದಕ್ಕೆ ಮ್ಯಾಗಜೀನ್ ಅಂತಾರೆ), ಐದು ಪೌಂಡು ತೂಕ. 1964ರಿಂದ ಮಾಡ್ತಾ ಇದ್ದಾರೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಕಲಿಯೋದು ಇದರಲ್ಲೇ. ನನಗೆ ಬಿದ್ದಿದ್ದು ಸುಮಾರು 300 ಡಾಲರ್. ಆದರೆ ತೋಟಾ ಸಿಗಲಿಲ್ಲ. ನಿಜ ಹೇಳಬೇಕು ಅಂದರೆ ನನ್ನ ಹುಚ್ಚು ಶುರುವಾಗಿದ್ದೇ ಅಲ್ಲಿ. ತಿಂಗಳುಗಟ್ಟಲೆ ಅಂಗಡಿಗಳಲ್ಲಿ ತೋಟಾ ಇಲ್ಲ, ಸಿಕ್ಕರೂ ಒಬ್ಬರಿಗೆ ಒಂದೇ ಡಬ್ಬಿ. ಬಿಡಿಭಾಗಗಳು ಮಾತ್ರ ಬೇಕಾದಷ್ಟು ಸಿಗ್ತಿದ್ದವು. ಇಲ್ಲಿನ ಕಾನೂನಿಗೆ ಈ ಕೋವಿಯಲ್ಲಿ 'ಕೋವಿ' ಅಂದರೆ ನಂಬರ್ ಹೊಡೆದಿರುವ ರಿಸೀವರ್, ಅಂದರೆ ಉಳಿದ ಭಾಗಗಳೆಲ್ಲ ಬಂದು ಕೂರುವ ನಡುವಿನ ಪೆಟ್ಟಿಗೆ, ಒಂದೇ. ನಳಿಗೆ, ಟ್ರಿಗರ್, ಮರದ ಹಿಡಿ, ತೋಟಾವನ್ನು ನಳಿಗೆಯೊಳಗೆ ತಳ್ಳುವ ಬೋಲ್ಟ್, ಇದೆಲ್ಲ ಬರೀ ಸಾಮಾನು. ಪುಸ್ತಕ ತರಿಸಿದ ಹಾಗೆ ಮನೆಗೇ ಬರುತ್ತದೆ. ಹೊಡೆಯೋಕೆ ಆಗದ ಕೋವಿ ಕೈಯಲ್ಲಿದೆ, ಮನೆಯಿಂದ ಹೊರಗೆ ಹೋಗೋ ಹಾಗಿಲ್ಲ, ಬೆಂಚಿನ ಮೇಲೆ ಲೈಟಿದೆ. ಬಿಚ್ಚದೆ ಏನು ಮಾಡೋದು?

ಮೊದಲು ಮ್ಯಾಗಜೀನ್ ತೆಗೆಯಬೇಕು, ಬೋಲ್ಟ್ ಹಿಂದಕ್ಕೆ ಎಳೆದು ಕಣ್ಣಿಂದ ನೋಡಬೇಕು, ಆಮೇಲೆ ಬೆರಳು ಹಾಕಿಯೂ ನೋಡಬೇಕು. ಒಳಗೆ ಏನೂ ಇಲ್ಲ ಅಂತ ಎರಡು ಸಲ ಖಾತ್ರಿಯಾದ ಮೇಲೇ ಸ್ಕ್ರೂಡ್ರೈವರ್. ಮುಂದಿನ ಬ್ಯಾಂಡು ಜಾರಿಸಿ ಒಂದೇ ಒಂದು ಸ್ಕ್ರೂ ತೆಗೆದರೆ ಇಡೀ ಲೋಹದ ಭಾಗ ಮರದಿಂದ ಮೇಲೆ ಏಳಬೇಕು. ಮೊದಲ ಸಲ ಏಳಲಿಲ್ಲ. ಅರ್ಧ ಗಂಟೆ ಒದ್ದಾಡಿದೆ. ಸೇಫ್ಟಿ ಗುಂಡಿಯನ್ನು ಆ ಕಡೆಗೂ ಅಲ್ಲ, ಈ ಕಡೆಗೂ ಅಲ್ಲ, ಸರಿಯಾಗಿ ನಡುವೆ ನಿಲ್ಲಿಸಬೇಕಂತೆ. ನಿಲ್ಲಿಸಿದೆ, ಬೆಣ್ಣೆಯಿಂದ ಎಳೆ ತೆಗೆದ ಹಾಗೆ ಮೇಲೆ ಬಂತು. ಬಂದ ತಕ್ಷಣ ಹಿಂದಿನಿಂದ ಒಂದು ಉಕ್ಕಿನ ಪಿನ್ ಟಣ್ ಅಂತ ನೆಲಕ್ಕೆ ಬಿದ್ದು ಉರುಳಿ ವಾಷಿಂಗ್ ಮಷಿನ್ ಕೆಳಗೆ ಹೋಯಿತು. ಇದನ್ನು ಬಿಚ್ಚಿದ ಎಲ್ಲರಿಗೂ ಆ ಪಿನ್ ಗೊತ್ತು. ಪ್ರತಿ ಈಡಿಗೂ ಬೋಲ್ಟ್ ಹಿಂದೆ ಬಂದು ಅದಕ್ಕೇ ಬಡಿಯೋದು. ಅದರ ಜಾಗಕ್ಕೆ ಪ್ಲಾಸ್ಟಿಕ್ಕಿನ ಪಿನ್ ಹಾಕಿದರೆ 'ಟಣ್' ಹೋಗಿ 'ದಪ್' ಆಗುತ್ತದೆ. ನಾನು ಬದಲಾಯಿಸಿದ ಮೊದಲ ಸಾಮಾನು ಅದು, ಕೆಲವೇ ಡಾಲರ್. ಬೋಲ್ಟ್ ಎಳೆದು ಬಿಟ್ಟೆ. ಶಬ್ದ ಬೇರೆಯಾಗಿತ್ತು. ನನ್ನ ಕೈಯಿಂದ ಬೇರೆಯಾಗಿತ್ತು. ಆ ರಾತ್ರಿ ನನಗಾದ ಖುಷಿಯನ್ನು ಹೇಗೆ ಹೇಳಲಿ, ಸುಮ್ನೆ ಕೂತು ಇಪ್ಪತ್ತು ಸಲ ಎಳೆದು ಬಿಟ್ಟಿದ್ದೇನೆ.

ಆಮೇಲೆ ಒಂದನ್ನೊಂದು ಎಳೆದುಕೊಂಡು ಬಂತು. ಕಂಪನಿಯಿಂದ ಬಂದ ಟ್ರಿಗರ್ ಎಳೆಯೋಕೆ ಸುಮಾರು ಆರು ಪೌಂಡು ಬಲ ಬೇಕಿತ್ತು. 2.75 ಪೌಂಡಿನದು ಹಾಕಿದೆ. ಎರಡು ಪಿನ್ ಒತ್ತಿದರೆ ಹಳೆಯದು ಕೈಗೆ ಬರುತ್ತದೆ, ಹೊಸದು ಒಳಗೆ ಹೋಗುತ್ತದೆ. ಆಮೇಲೆ ನಳಿಗೆ. ಬೇರೆ ಎಷ್ಟೋ ಕೋವಿಗಳಲ್ಲಿ ನಳಿಗೆಗೆ ಸ್ಕ್ರೂವಿನ ಹಾಗೆ ತಿರುಪು ಇರುತ್ತದೆ, ತಿರುಗಿಸಿ ಬಿಗಿದಿರುತ್ತಾರೆ, ಬದಲಾಯಿಸಬೇಕು ಅಂದರೆ ಕಮ್ಮಾರನಂಥ ಉಪಕರಣ ಬೇಕು. ಇದರಲ್ಲಿ ನಳಿಗೆ ಸುಮ್ನೆ ಜಾರಿ ಕೂರುತ್ತದೆ, ಕೆಳಗಿನಿಂದ ಒಂದು ವಿ ಆಕಾರದ ತುಂಡು, ಎರಡು ಸ್ಕ್ರೂ. ಈ ಎರಡು ಸ್ಕ್ರೂ ಇಲ್ಲದಿದ್ದರೆ ಇಷ್ಟು ಜನಕ್ಕೆ ಈ ಹುಚ್ಚು ಹಿಡೀತಿರಲಿಲ್ಲ ಅನ್ನೋದು ನನ್ನ ನಂಬಿಕೆ. ನೋಡಬೇಕಾದ ಒಂದು ವಿಷಯ ಅಂದರೆ ಉದ್ದ. ರೈಫಲ್ಲಿನ ನಳಿಗೆ 16 ಇಂಚಿಗಿಂತ ಗಿಡ್ಡ ಆದರೆ 1934ರ ಬೇರೊಂದು ಕಾಯ್ದೆಯ ಕೆಳಗೆ ಬರುತ್ತದೆ, ಆ ಕಡೆ ಹೋಗಲೇಬಾರದು. ನಾನು ತರಿಸಿದ್ದು 0.920 ಇಂಚು ದಪ್ಪದ ಮ್ಯಾಚ್ ನಳಿಗೆ, ಅಂದರೆ ಸ್ಪರ್ಧೆಗೆ ಅಂತ ಮಾಡಿದ್ದು. ಬಂದ ಮೇಲೆ ನೋಡಿದರೆ ಹಳೆಯ ಮರದ ಕಾಲುವೆಯಲ್ಲಿ ಅದು ಕೂರೋದೇ ಇಲ್ಲ, ಅದು ಸಣ್ಣ ನಳಿಗೆಗೆ ಕೊರೆದ ಕಾಲುವೆ. ಸರಿ, ಹೊಸ ಹಿಡಿ. ಹೊಸ ಹಿಡಿಗೆ ಹೊಸ ದುರ್ಬೀನು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, 300 ಡಾಲರಿನ ಕೋವಿಗೆ 700 ಡಾಲರಿನ ಸಾಮಾನು ಹಾಕಿದ್ದೆ. ಮೊದಲ ದಿನದ ಕೋವಿಯಲ್ಲಿ ಉಳಿದಿದ್ದು ನಂಬರ್ ಇರುವ ರಿಸೀವರ್ ಮತ್ತು ಬೋಲ್ಟ್. ನಮ್ಮೂರ ತೇರಿಗೆ ಚಕ್ರ ಬದಲಾಗಿದೆ, ಅಚ್ಚು ಬದಲಾಗಿದೆ, ಆದರೂ ಯಾರೂ ಹೊಸ ತೇರು ಅನ್ನೋದಿಲ್ಲ. ನನಗೂ ಇದು ಅದೇ ಕೋವಿ.

2022ರಲ್ಲಿ ಪ್ರಾಜೆಕ್ಟ್ ಆಪಲ್‌ಸೀಡ್ ಅನ್ನೋ ಎರಡು ದಿನದ ತರಬೇತಿಗೆ ಹೋದೆ. ನೆಲದ ಮೇಲೆ ಮಲಗಿ, ಕೂತು, ನಿಂತು ಹೊಡೆಯೋದು ಕಲಿಸುತ್ತಾರೆ, ನಡುನಡುವೆ 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್, ಕಾಂಕರ್ಡ್‌ನಲ್ಲಿ ಏನಾಯಿತು ಅಂತ ಕಥೆ ಹೇಳುತ್ತಾರೆ. ಪರೀಕ್ಷೆ 25 ಮೀಟರಿನಲ್ಲಿ, 40 ಈಡು, 250 ಅಂಕ. 210 ಬಂದರೆ ರೈಫಲ್‌ಮನ್ ಅನ್ನೋ ಬಟ್ಟೆಯ ಪಟ್ಟಿ ಕೊಡುತ್ತಾರೆ. ನನ್ನ ಕೋವಿ ನೋಡಿ ಪಕ್ಕದವರೆಲ್ಲ ಕೈಗೆ ತಗೊಂಡು ನೋಡಿದರು. ನನಗೂ ಹೆಮ್ಮೆ. ಬೆಳಗ್ಗೆ ಚೆನ್ನಾಗೇ ಓಡಿತು. ನೂರು ಈಡು ದಾಟಿದ ಮೇಲೆ ಸಿಕ್ಕಿಹಾಕಿಕೊಳ್ಳೋಕೆ ಶುರು. ಮ್ಯಾಚ್ ನಳಿಗೆಯಲ್ಲಿ ತೋಟಾ ಕೂರುವ ಕೋಣೆ ಬಹಳ ಬಿಗಿ, ನಿಖರವಾಗಿ ಹೊಡೆಯಲಿ ಅಂತಲೇ ಹಾಗೆ ಮಾಡಿರುತ್ತಾರೆ. ಅಗ್ಗದ ತೋಟಾದ ಮೇಣ, ಮಸಿ ಸ್ವಲ್ಪ ಕಟ್ಟಿಕೊಂಡರೂ ತೋಟಾ ಪೂರ್ತಿ ಒಳಗೆ ಹೋಗೋದಿಲ್ಲ, ಬೋಲ್ಟ್ ಒಂದು ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ, ಟ್ರಿಗರ್ ಎಳೆದರೆ ಏನೂ ಇಲ್ಲ. ಪರೀಕ್ಷೆಯ ಒಂದು ಸುತ್ತಿನಲ್ಲಿ ಒಂದು ನಿಮಿಷದ ಆಸುಪಾಸಿನಲ್ಲಿ ಹತ್ತು ಈಡು, ನಡುವೆ ಮ್ಯಾಗಜೀನ್ ಬದಲಾವಣೆ. ಅದರಲ್ಲಿ ನಾಲ್ಕು ನನ್ನ ಕೋವಿಯೊಳಗೇ ಉಳಿದವು.

ಪಕ್ಕದ ಚಾಪೆಯಲ್ಲಿದ್ದ ವಯಸ್ಸಾದವರು ತಮ್ಮ ಎರಡನೇ ಕೋವಿ ಕೊಟ್ಟರು. ಅದೂ 10/22, ಒಂದು ಪಿನ್ನೂ ಬದಲಾಯಿಸದ್ದು, ಮರದ ಹಿಡಿಯ ಬಣ್ಣ ಸವೆದಿತ್ತು. ಸಂಜೆವರೆಗೂ ಒಂದು ಸಲವೂ ನಿಲ್ಲಲಿಲ್ಲ. ನನ್ನ ಅಂಕ 187.

ವಾಪಸ್ ಬರುವಾಗ ಕಾರಿನಲ್ಲಿ ನನಗೆ ಬೇಜಾರಾಗಬೇಕಿತ್ತು. ಆಗಲಿಲ್ಲ. ಆ ಬಿಗಿ ಕೋಣೆಗೆ ಯಾವ ತೋಟಾ ಒಪ್ಪುತ್ತದೆ, ಎಷ್ಟು ಈಡಿಗೊಮ್ಮೆ ಒರೆಸಬೇಕು ಅಂತಲೇ ತಲೆ ಓಡ್ತಿತ್ತು. ಆಗ ನನಗೆ ವಿಷಯ ಸ್ವಲ್ಪ ತಿಳೀತು. ನಾನು ಕೋವಿ ಕಟ್ಟಿದ್ದು ಆ ಚಾಪೆಯ ಮೇಲೆ ಹೊಡೆಯೋಕೆ ಅಲ್ಲ. ನಾನು ತಲೆಯಲ್ಲಿ ಇಟ್ಟುಕೊಂಡಿದ್ದ ಒಂದು ದಿನಕ್ಕೆ ಅದನ್ನು ಕಟ್ಟಿದ್ದೆ. ಗಾಳಿ ಇಲ್ಲದ ಬೆಳಗ್ಗೆ, 50 ಗಜ ದೂರದ ಕಾಗದ, ಐದು ಈಡೂ ಒಂದೇ ತೂತಿನಲ್ಲಿ. ಅಂಥ ದಿನ ಇವತ್ತಿಗೂ ಬಂದಿಲ್ಲ. ನನ್ನ ಕೈಯಲ್ಲಿ ಆಗಿರುವ ಒಳ್ಳೆಯದು ಅಂದರೆ ಐದೂ ತೂತು ಮುಕ್ಕಾಲು ಇಂಚಿನೊಳಗೆ ಗುಂಪಾಗಿ ಬಿದ್ದಿದ್ದು. ಕೆಲಸದ ಒತ್ತಡಕ್ಕೆ ಇದು ಮದ್ದು ಅಂತ ಹೇಳೋರು ತುಂಬಾ ಜನ ಸಿಗುತ್ತಾರೆ, ಅವರಿಗೆ ಇರಬಹುದು. ನನಗೆ ಹಾಗಲ್ಲ. ನಾನು ಕೊಂಡ ಪ್ರತಿ ಸಾಮಾನಿನ ಹಿಂದೆ ಇನ್ನೂ ಬರದ ಒಂದು ದಿನ ಇದೆ, ಬೆಂಚಿನ ಮೇಲೆ ಕೂತಾಗ ನಾನು ಆ ದಿನಕ್ಕೆ ತಯಾರಿ ಮಾಡ್ತಿರುತ್ತೇನೆ.

ಎರಡನೇ ಕೋವಿಯೂ ಹಾಗೇ ಬಂತು. ಟೆಕ್ಸಾಸ್‌ನಲ್ಲಿ ಕಾಡಿಗೆ ಬಿದ್ದ ಹಂದಿಗಳ ಕಾಟ ನಮ್ಮ ಮಲೆನಾಡಿಗಿಂತ ಜಾಸ್ತಿ, ಒಂದೇ ರಾತ್ರಿಗೆ ಹೊಲವನ್ನೇ ಉತ್ತು ಬಿಡುತ್ತವೆ. 2019ರಿಂದ ಖಾಸಗಿ ಜಮೀನಿನಲ್ಲಿ, ಮಾಲೀಕರು ಒಪ್ಪಿದರೆ, ಅವನ್ನು ಹೊಡೆಯೋಕೆ ಬೇಟೆ ಲೈಸೆನ್ಸೂ ಬೇಡ. ಅಂಗಳದಲ್ಲಿ ಹಂದಿ ಮಾತು ಕೇಳಿಕೊಂಡೇ ಬೆಳೆದವನು ನಾನು. ಪಾಯಿಂಟ್ 308ರ, ಅಂದರೆ ದೊಡ್ಡ ತೋಟಾದ, ಪ್ರತಿ ಈಡಿಗೂ ಬೋಲ್ಟನ್ನು ಕೈಯಿಂದಲೇ ಎಳೆಯಬೇಕಾದ ಬೋಲ್ಟ್ ರೈಫಲ್ ತಂದೆ, ಅದಕ್ಕೂ ಟ್ರಿಗರ್, ಮುಂದೆ ಊರೋ ಕಾಲು, ಹೆಗಲ ಪಟ್ಟಿ ಎಲ್ಲ. ಒಬ್ಬ ಸಹೋದ್ಯೋಗಿಯ ಮಾವನ ರಾಂಚಿನಲ್ಲಿ ಒಂದು ರಾತ್ರಿ ಕಾದೆ. ಎತ್ತರದ ತಗಡಿನ ಗೂಡು, ಥೇಟ್ ನಮ್ಮ ಗದ್ದೆಯ ಮಾಳದ ಹಾಗೆ. ಎರಡು ಗಂಟೆಗೆ ಹಿಂಡು ಬಂತು. ಮುಂದೆ ತಾಯಿ, ಹಿಂದೆ ಮರಿಗಳು, ಜೋಳದ ದಂಟು ಮುರಿಯೋ ಲಟಲಟ ಸದ್ದು. ಸೇಫ್ಟಿ ತೆಗೆದೆ, ನೋಡಿದೆ, ಮತ್ತೆ ಹಾಕಿದೆ. ಆ ರೈತನಿಗೋಸ್ಕರ ನಾನು ಹಂದಿ ಹೊಡೆಯಬೇಕಿತ್ತು, ಅದು ನನಗೆ ಗೊತ್ತು, ಬೆಳಗ್ಗೆ ಅವರಿಗೆ ಹಾಗೇ ಹೇಳಿ ಕ್ಷಮೆ ಕೇಳಿದೆ. ಆ ರೈಫಲ್ ಆಮೇಲೆ ರೇಂಜಿಗೆ ಹೋಗಿದ್ದು ಎರಡು ಸಲ. ಮಾರಿಲ್ಲ.

ಮನೆಯಲ್ಲಿ ಮಗಳಿದ್ದಾಳೆ, ಹನ್ನೆರಡು ವರ್ಷ. ಹಾಗಾಗಿ ಈ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳ್ತೇನೆ. ಎಲ್ಲ ಕೋವಿಯೂ ಉಕ್ಕಿನ ಸೇಫಿನಲ್ಲಿ, ತೋಟಾ ಬೇರೆ ಬೀಗದಲ್ಲಿ, 308ರ ಬೋಲ್ಟ್ ಮೂರನೇ ಕಡೆ. ತುಂಬಿದ ಕೋವಿ 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗೋ ಹಾಗೆ ಇಟ್ಟರೆ ಟೆಕ್ಸಾಸ್‌ನಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ನಾನು ಹಾಗೇ ಇಡ್ತಿದ್ದೆ. ದುರ್ಬೀನಿಗಿಂತ ಮೊದಲು ಸೇಫ್ ಕೊಳ್ಳಿ. ದುಡ್ಡು ಸಾಲದಿದ್ದರೆ ಕೋವಿಯನ್ನೇ ಮುಂದಕ್ಕೆ ಹಾಕಿ.

ಈಗ ಮೂರನೇ ಕೋವಿಯ ಕೆಲಸ ನಡೀತಿದೆ, ಮಗಳಿಗೆ ಅಂತಲೇ. ಮತ್ತೆ 10/22, ಈ ಸಲ ಕಂಪನಿಯ ನಳಿಗೆಯನ್ನು ಮುಟ್ಟೋದಿಲ್ಲ. ಮರ ಮಾತ್ರ ನನ್ನದು. ಅರ್ಧ ಕೊರೆದ ವಾಲ್‌ನಟ್ ತುಂಡು ತರಿಸಿದ್ದೇನೆ. ಸಾಮಾನ್ಯವಾಗಿ ಟ್ರಿಗರ್‌ನಿಂದ ಹೆಗಲಿನ ತುದಿಗೆ 13.5 ಇಂಚು ಇರುತ್ತದೆ, ಅವಳ ಕೈಗೆ 12 ಸಾಕು. ಅಳತೆ ತಗೊಳ್ಳುವಾಗ "ನಾನು ಹೊಡೀತೀನಿ ಅಂತ ಏನೂ ಹೇಳಿಲ್ಲ, ನೋಡೋಣ" ಅಂದಳು. ಆಯ್ತು ಅಂದೆ. ಉಪ್ಪುಕಾಗದದಲ್ಲಿ 120, 220, 320 ನಂಬರಿನವು ಒಂದಾದ ಮೇಲೊಂದು, ನಡುನಡುವೆ ಒದ್ದೆ ಬಟ್ಟೆ ಒರೆಸಿ ಮರದ ರೋಮ ಎಬ್ಬಿಸಿ ಮತ್ತೆ ಉಜ್ಜೋದು. ಉಜ್ಜೋದಕ್ಕೆ ಅವಳೂ ಬರುತ್ತಾಳೆ. ಆಮೇಲೆ ಅಗಸೆ ಎಣ್ಣೆ, ಬಟ್ಟೆಯಲ್ಲಿ ಅದ್ದಿ ಅಂಗೈ ಬಿಸಿಯಾಗುವವರೆಗೆ ತಿಕ್ಕೋದು. ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು, ಹೊರಗೆ ಬಿಡಿಸಿ ಒಣಗಿಸಬೇಕು.

ಕಳೆದ ಸಲ ಊರಿಗೆ ಹೋದಾಗ ಅಜ್ಜನ ಕೋವಿ ಇರುತ್ತಿದ್ದ ಗೋಡೆ ನೋಡಿದೆ. ಎರಡು ಮರದ ಗೂಟಗಳು ಹಾಗೇ ಇವೆ, ಈಗ ಕೊಡೆ ನೇತು ಹಾಕುತ್ತಾರೆ. ಸುಣ್ಣ ಎಷ್ಟು ಸಲ ಹೊಡೆದರೂ ಗೂಟದ ನಡುವೆ ಎಣ್ಣೆಯ ಕಲೆ ಮತ್ತೆ ಮೇಲೆ ಬರುತ್ತದಂತೆ. ಟೇಪು ಹಿಡಿದು ಅಳೆದೆ, ಗೂಟದಿಂದ ಗೂಟಕ್ಕೆ 22 ಇಂಚು. ಇಲ್ಲಿ ಗ್ಯಾರೇಜಿನಲ್ಲಿ ಅದೇ ಅಳತೆಗೆ ಎರಡು ಗೂಟ ಹೊಡೆದಿದ್ದೇನೆ. ಅವುಗಳ ಮೇಲೆ ಕೋವಿ ಇಡೋದಿಲ್ಲ, ಕೋವಿ ಸೇಫಿನಲ್ಲಿರುತ್ತದೆ. ಬರೀ ಮರದ ಹಿಡಿ ಒಣಗ್ತಾ ಇದೆ. ಎರಡು ಕೈ ಎಣ್ಣೆ ಆಗಿದೆ, ನಾಳೆ ಸಂಜೆ ಮೂರನೆಯದು.